ಕವಡೆಯ ಲೆಕ್ಕ ಯಾರು ಹಾಕಬೇಕು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010, 2015 ಮತ್ತು 2018ರ ಸ್ಕೀಮುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಆರನೇ ಸೆಮಿಸ್ಟರ್ ಎಂದರೆ ಗ್ರಾಫಿಕ್ಸ್ ಲ್ಯಾಬಿನ ಮಿನಿ ಪ್ರಾಜೆಕ್ಟ್ ನೆನಪಾಗುತ್ತದೆ. ಓಪನ್‌ಜಿಎಲ್ ಬಳಸಿ ಪರದೆಯ ಮೇಲೆ ಏನನ್ನಾದರೂ ಚಲಿಸುವಂತೆ ಮಾಡಬೇಕು, ರಿಪೋರ್ಟು ಬೈಂಡ್ ಮಾಡಿಸಬೇಕು, ವೈವಾದಲ್ಲಿ ಉತ್ತರ ಹೇಳಬೇಕು. ಶಿವಮೊಗ್ಗದ ನವುಲೆಯಲ್ಲಿ 1980ರಿಂದ ನಡೆಯುತ್ತಿರುವ ಜೆಎನ್‌ಎನ್‌ಸಿಇ, 2007ರಲ್ಲಿ ಆರಂಭವಾದ ಪಿಇಎಸ್ ಕಾಲೇಜು, ಎರಡೂ ಇದೇ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಸೇರಿದವು. ಹಾವಿನ ಆಟ, ಪಾಂಗ್, ಇಟ್ಟಿಗೆ ಒಡೆಯುವ ಆಟದಂಥ ಹಳೆಯ ಆಟಗಳು ಈ ಮಿನಿ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಿದ್ದವು. ಮೂರು ವಾರ ಕೂತು ಬರೆಯಬೇಕಾಗಿದ್ದ ಅಂಥ ಆಟವನ್ನು ಇಂದು ಕೃತಕ ಬುದ್ಧಿಮತ್ತೆಗೆ (ಎಐ) ನಾಲ್ಕು ಸಾಲಿನಲ್ಲಿ ವಿವರಿಸಿದರೆ ಕೆಲವೇ ನಿಮಿಷದಲ್ಲಿ ಓಡುವ ಪ್ರೋಗ್ರಾಂ ಕೈಗೆ ಬರುತ್ತದೆ. ಹಾಗಾದರೆ ಮನುಷ್ಯ ಕೂತು ಬರೆಯುವುದರಲ್ಲಿ ಇನ್ನೇನು ಉಳಿಯಿತು? ಈ ಪ್ರಶ್ನೆಗೆ ವೇಗವನ್ನು ಅಳೆದು ಉತ್ತರ ಹುಡುಕುವವರೇ ಹೆಚ್ಚು. ನನ್ನ ವಾದ ಬೇರೆ. ಆಟವೊಂದರ ಕೋಡು ಎಂದರೆ ಸಣ್ಣ ಸಣ್ಣ ತೀರ್ಮಾನಗಳ ಮೊತ್ತ. ಆ ತೀರ್ಮಾನಗಳನ್ನು ಯಾರು ತೆಗೆದುಕೊಂಡರು, ಏಕೆ ಹಾಗೆ ತೆಗೆದುಕೊಂಡರು ಎಂದು ಹೇಳಬಲ್ಲವರು ಯಾರಾದರೂ ಇದ್ದಾರೆಯೇ ಎಂಬುದೇ ಎರಡು ವಿಧಾನಗಳನ್ನು ಹೋಲಿಸುವ ಸರಿಯಾದ ಅಳತೆಗೋಲು.

ಹಳೆಯ ಆಟಗಳನ್ನೇ ಈ ಹೋಲಿಕೆಗೆ ಆರಿಸಿಕೊಳ್ಳಲು ಕಾರಣವಿದೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಟಿವಿಗಳಿಗೆ ಜೋಡಿಸುತ್ತಿದ್ದ, ಕ್ಯಾಸೆಟ್ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಯಂತ್ರದ ನಕಲುಗಳು. ಆ ಯಂತ್ರದ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. 1985ರ ಸೂಪರ್ ಮಾರಿಯೊ ಆಟ ಪೂರ್ತಿಯಾಗಿ ಸುಮಾರು 40 ಕಿಲೋಬೈಟಿನಲ್ಲಿ ಮುಗಿಯುತ್ತದೆ. ಇಂದು ಮೊಬೈಲಿನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಅದಕ್ಕಿಂತ ದೊಡ್ಡದು. ಆ ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಜಾಗ ಉಳಿಸಲು ಯಾರೋ ಕೂತು ಯೋಚಿಸಿ ತೆಗೆದುಕೊಂಡ ತೀರ್ಮಾನ ಅದು. 1978ರಲ್ಲಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಇಂಟೆಲ್ 8080 ಚಿಪ್ಪಿನ ಮೇಲೆ ಓಡುತ್ತಿತ್ತು. ಅದರ ಮುಂದಿನ ತಲೆಮಾರಿನ 8085 ಚಿಪ್ಪನ್ನೇ ನಮ್ಮ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ದಶಕಗಳ ಕಾಲ ಕಲಿಸಿದ್ದು. ಪರದೆಯ ತುಂಬ ವೈರಿಗಳಿದ್ದಾಗ ಎಲ್ಲರನ್ನೂ ಚಿತ್ರಿಸಲು ಚಿಪ್ಪು ಏದುಸಿರು ಬಿಡುತ್ತಿತ್ತು. ಒಬ್ಬೊಬ್ಬರಾಗಿ ಸತ್ತಂತೆ ಕೆಲಸ ಹಗುರಾಗಿ, ಉಳಿದವರು ವೇಗವಾಗಿ ನುಗ್ಗತೊಡಗುತ್ತಿದ್ದರು. ನಿಶಿಕಾಡೊ ಅದನ್ನು ದೋಷವೆಂದು ತಿದ್ದದೆ, ಆಟಕ್ಕೆ ರಂಗೇರಿಸುವ ಗುಣವೆಂದು ಕಂಡು ಹಾಗೇ ಉಳಿಸಿಕೊಂಡರು. ಕೊನೆಗೊಂದೇ ವೈರಿ ಉಳಿದಾಗಿನ ಆ ಓಟಕ್ಕೆ ಒಬ್ಬ ಮನುಷ್ಯನ ವಿವೇಚನೆ ಕಾರಣ. 1980ರ ಪ್ಯಾಕ್‌ಮ್ಯಾನ್ ಆಟದ ದೋಷಕ್ಕೂ ಹೀಗೆಯೇ ಜಾತಕ ಬರೆಯಬಹುದು. ಹಂತದ ಸಂಖ್ಯೆಯನ್ನು ಒಂದೇ ಬೈಟಿನಲ್ಲಿ ಇಟ್ಟಿದ್ದರು; ಒಂದು ಬೈಟಿಗೆ 255ರ ಆಚೆ ಎಣಿಸಲು ಬಾರದು; ಹಾಗಾಗಿ 256ನೇ ಹಂತ ತಲುಪಿದವರಿಗೆ ಪರದೆಯ ಅರ್ಧ ಭಾಗ ಕಲಸುಮೇಲೋಗರವಾಗಿ ಕಾಣುತ್ತದೆ. ನಾಲ್ಕು ದಶಕ ಕಳೆದರೂ ಆ ತಪ್ಪು ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸಬಹುದು. ಆಟ ಅಷ್ಟು ಚಿಕ್ಕದು, ಒಂದು ತಲೆಯೊಳಗೆ ಪೂರ್ತಿ ಹಿಡಿಯುವಷ್ಟು.

ಪರದೇಶದ ಉದಾಹರಣೆ ಸಾಕು. ಶಿವಮೊಗ್ಗದ ವಿದ್ಯಾರ್ಥಿಯೊಬ್ಬಳು ಚೌಕಾಬಾರವನ್ನು ಆ ಹಳೆಯ ಟಿವಿ ಗೇಮಿನ ಶೈಲಿಯಲ್ಲಿ, ದಪ್ಪ ಚುಕ್ಕೆಗಳ ಚಿತ್ರ ಮತ್ತು ಎಂಟು ಬಣ್ಣದಲ್ಲಿ, ಮಾಡಲು ಹೊರಟಳು ಎಂದುಕೊಳ್ಳೋಣ. ಆಟ ನಮಗೆಲ್ಲ ಗೊತ್ತಿರುವುದೇ. ಐದಕ್ಕೆ ಐದು, ಇಪ್ಪತ್ತೈದು ಮನೆ. ನಾಲ್ಕು ಜನ, ತಲಾ ನಾಲ್ಕು ಕಾಯಿ. ನಾಲ್ಕು ಕವಡೆ, ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರೂ ಆಯಿತು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಎಸೆಯುವ ಹಕ್ಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಇಷ್ಟನ್ನು ಹೇಳಿ ಮುಗಿಸಿದರೆ ಆಡುವವರಿಗೆ ಸಾಕು. ಕೋಡು ಬರೆಯುವವರಿಗೆ ಇದು ಶುರು ಮಾತ್ರ.

ಮೊದಲಿಗೆ ಕವಡೆ. ಕಂಪ್ಯೂಟರಿಗೆ ಕವಡೆ ಗೊತ್ತಿಲ್ಲ, ಯಾದೃಚ್ಛಿಕ ಸಂಖ್ಯೆಯೊಂದನ್ನು ಕೊಡಲು ಮಾತ್ರ ಬರುತ್ತದೆ. ಲೂಡೊ ದಾಳಕ್ಕೆ ಬರೆದ ಕೋಡನ್ನು ಚೂರು ತಿದ್ದಿ, 1, 2, 3, 4, 8 ಈ ಐದರಲ್ಲಿ ಒಂದನ್ನು ಆರಿಸು ಎಂದು ಬರೆಯುವುದು ಅತಿ ಸುಲಭದ ದಾರಿ. ಒಂದೇ ಸಾಲು. ಆಟ ಓಡುತ್ತದೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಪ್ರತಿ ಕವಡೆಗೂ ಮೇಲು-ಕೆಳಗು ಸಮ ಅವಕಾಶವೆಂದು ಇಟ್ಟುಕೊಂಡರೂ ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅವುಗಳಲ್ಲಿ ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ಆರು ಬಗೆಯಲ್ಲಿ, ಮೂರು ನಾಲ್ಕು ಬಗೆಯಲ್ಲಿ. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಅಂದರೆ ಮರು ಎಸೆತದ ಅವಕಾಶ ನಿಜವಾದ ಆಟದಲ್ಲಿ 16ಕ್ಕೆ 2 ಸಲ ಬಂದರೆ, ಆ ಒಂದು ಸಾಲಿನ ಕೋಡಿನಲ್ಲಿ 5ಕ್ಕೆ 2 ಸಲ ಬರುತ್ತದೆ. ಒಂದು ಸರದಿಯಲ್ಲಿ ಕಾಯಿ ಸರಾಸರಿ ಮೂರು ಮನೆಯನ್ನೂ ದಾಟದಿದ್ದ ಆಟದಲ್ಲಿ ಈಗ ಸರಾಸರಿ ಆರು ಮನೆ ದಾಟುತ್ತದೆ. ಹಿಂದೆ ಬರುವ ಕಾಯಿಗೆ ಹೆದರಿ, ಕಡಿಯಲಾಗದ ಕಟ್ಟೆಯ ಮನೆಯಲ್ಲಿ ಕಾಯುತ್ತ ಕೂರುವ ಕುಶಲತೆಗೆ ಬೆಲೆಯೇ ಇಲ್ಲದಂತಾಗುತ್ತದೆ. ಆಟದ ಹೆಸರು ಚೌಕಾಬಾರ ಎಂದೇ ಇದ್ದರೂ ಚೌಕ ಬಾರಗಳು ಅಪರೂಪವಾಗಿದ್ದುದೇ ಅದರ ಸೊಗಸು, ಅದೇ ಮಾಯ.

ಇಲ್ಲಿಗೂ ಲೆಕ್ಕ ಮುಗಿಯುವುದಿಲ್ಲ. ನಿಜವಾದ ಕವಡೆಗೆ ಹೊಟ್ಟೆ ಬೆನ್ನು ಒಂದೇ ತೂಕವಲ್ಲ, ಆಕಾರವೂ ಒಂದೇ ಅಲ್ಲ. ಬಾಯಿ ಮೇಲಾಗಿ ಬೀಳುವುದು ಹತ್ತಕ್ಕೆ ನಾಲ್ಕು ಸಲ ಎಂದಾದರೆ ಬಾರ ನೂರಕ್ಕೆ ಸುಮಾರು ಹದಿಮೂರು ಸಲ ಬರುತ್ತದೆ, ಚೌಕ ಮೂರು ಸಲಕ್ಕಿಂತ ಕಡಿಮೆ. ಎರಡರ ನಡುವೆ ಐದು ಪಟ್ಟು ಅಂತರ. ಯಾವ ಸಂಖ್ಯೆ ಸರಿ ಎಂದು ತಿಳಿಯಬೇಕಾದರೆ ಕವಡೆಯನ್ನು ನೆಲಕ್ಕೆ ಇನ್ನೂರು ಮುನ್ನೂರು ಸಲ ಎಸೆದು ಬರೆದುಕೊಳ್ಳಬೇಕು. ಆ ಅಂಕಿ ಯಾವ ಪುಸ್ತಕದಲ್ಲೂ ಇಲ್ಲ, ಎಸೆದವರ ಕೈಯಲ್ಲಿರುವ ಕವಡೆಯಲ್ಲಿದೆ. ಹುಣಸೆ ಬೀಜಕ್ಕೆ ಅದು ಮತ್ತೆ ಬೇರೆ. ಈ ಕೆಲಸ ಮಾಡಿದ ವಿದ್ಯಾರ್ಥಿನಿಗೆ ಸಂಭಾವ್ಯತೆಯ ಪಾಠ ಜೀವಮಾನದಲ್ಲಿ ಮರೆಯುವುದಿಲ್ಲ.

ಕಾಯಿ ನಡೆಯುವ ದಾರಿಯೂ ಹೀಗೆಯೇ. ಹೊರಸುತ್ತಿನಲ್ಲಿ ಹದಿನಾರು ಮನೆ, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ಹೊರಗೆ ಒಂದು ದಿಕ್ಕಿಗೆ ಸುತ್ತಿದ ಕಾಯಿ ಒಳಗೆ ಹೋದ ಮೇಲೆ ಎದುರು ದಿಕ್ಕಿಗೆ ತಿರುಗುತ್ತದೆ. ನಾಲ್ಕೂ ಆಟಗಾರರಿಗೆ ನಾಲ್ಕು ದಾರಿಯ ಪಟ್ಟಿ, ಒಟ್ಟು ನೂರು ಮನೆಗಳ ವಿಳಾಸ ಬರೆದಿಟ್ಟರೆ ಆಟ ನಡೆಯುತ್ತದೆ. ನೂರರಲ್ಲಿ ಒಂದು ತಪ್ಪಿದ್ದರೆ ಮೂರನೆಯ ಆಟಗಾರನ ಕಾಯಿ ಯಾವಾಗಲೋ ಒಮ್ಮೆ ಎಲ್ಲಿಂದೆಲ್ಲಿಗೋ ಜಿಗಿದಾಗ ಗೊತ್ತಾಗುತ್ತದೆ. ಕಾಗದದ ಮೇಲೆ ಮಣೆಯನ್ನು ಬರೆದು ಸ್ವಲ್ಪ ಹೊತ್ತು ದಿಟ್ಟಿಸಿದವರಿಗೆ ಇನ್ನೊಂದು ಹೊಳೆಯುತ್ತದೆ: ದಾರಿ ಒಂದೇ, ಮಣೆಯನ್ನು ಕಾಲು ಸುತ್ತು ತಿರುಗಿಸಿದರೆ ಮುಂದಿನವರ ದಾರಿ ಸಿಕ್ಕಿತು. ಇಪ್ಪತ್ತೈದು ಅಂಕಿಯ ಒಂದು ಪಟ್ಟಿ, ತಿರುಗಿಸುವ ಒಂದು ಸೂತ್ರ, ಅಷ್ಟೇ. ಕಾಯಿಯ ಸ್ಥಾನ 0ರಿಂದ 24ರೊಳಗಿನ ಸಂಖ್ಯೆಯಾದ್ದರಿಂದ ಅದಕ್ಕೆ ಐದು ಬಿಟ್ ಸಾಕು. ಹದಿನಾರು ಕಾಯಿಗೆ ಎಂಬತ್ತು ಬಿಟ್, ಅಂದರೆ ಹತ್ತು ಬೈಟ್. ನಾಲ್ಕು ಜನ ಒಂದು ಮಧ್ಯಾಹ್ನವೆಲ್ಲ ಆಡಿ ಅರ್ಧಕ್ಕೆ ಬಿಟ್ಟೆದ್ದ ಮಣೆಯ ಮೇಲಿನ ಅಷ್ಟೂ ಕಾಯಿಗಳ ಜಾಗ ಹತ್ತು ಬೈಟಿನಲ್ಲಿ ಕೂರುತ್ತದೆ. ಇದನ್ನು ತಾನೇ ಕಂಡುಕೊಂಡ ಹುಡುಗ ಅಥವಾ ಹುಡುಗಿಗೆ ಸಿಗುವ ಖುಷಿ ಬರೀ ಖುಷಿಯಲ್ಲ. ಸಮಸ್ಯೆಯ ಆಕಾರ ಕಾಣುವುದು ಎಂದರೆ ಏನು ಎಂಬುದು ಅವರಿಗೆ ಅಲ್ಲಿ ತಿಳಿಯುತ್ತದೆ.

ಇದೇ ಕೆಲಸವನ್ನು ಎಐಗೆ ಒಪ್ಪಿಸಿದರೆ? ಅದಕ್ಕೆ ಇದು ಬಾರದು ಎಂದು ನಾನು ಹೇಳುತ್ತಿಲ್ಲ. ಕವಡೆಯ ಹದಿನಾರು ಬಗೆಯನ್ನು ವಿವರಿಸು ಎಂದು ಕೇಳಿದರೆ ಚೊಕ್ಕವಾಗಿ ವಿವರಿಸುತ್ತದೆ. ತೊಂದರೆ ಇರುವುದು ಕೇಳದೆ ಬಿಟ್ಟದ್ದರಲ್ಲಿ. ಹೇಳದೆ ಉಳಿದ ಪ್ರತಿಯೊಂದು ಜಾಗವನ್ನೂ ಅದು ತಾನು ಓದಿದ್ದರಲ್ಲಿ ಹೆಚ್ಚು ಕಂಡದ್ದರಿಂದ ತುಂಬುತ್ತದೆ, ತುಂಬಿದೆ ಎಂದು ಎಷ್ಟೋ ಸಲ ಹೇಳುವುದೂ ಇಲ್ಲ. ಚೌಕಾಬಾರ, ಕಟ್ಟೆಮನೆ, ತೆಲುಗರ ಅಷ್ಟಾಚೆಮ್ಮ, ತಮಿಳರ ದಾಯಂ ಎಲ್ಲವೂ ಒಂದೇ ಬಳ್ಳಿಯ ಆಟಗಳು. ನಿಯಮಗಳು ಮಾತ್ರ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಮೂರು ಸಲ ಸತತವಾಗಿ ಬಾರ ಬಿದ್ದರೆ ಅದು ಲೆಕ್ಕಕ್ಕೆ ಉಂಟೋ ಇಲ್ಲವೋ, ಒಂದೇ ಮನೆಯಲ್ಲಿ ತನ್ನದೇ ಎರಡು ಕಾಯಿ ಕೂತರೆ ಅವನ್ನು ಕಡಿಯಬಹುದೋ ಬಾರದೋ ಎಂಬುದಕ್ಕೆ ಸರ್ವಸಮ್ಮತ ಉತ್ತರವಿಲ್ಲ. ಯಂತ್ರ ಬೆರೆಸಿ ಕೊಟ್ಟ ಆಟವನ್ನು ಆಡಬಹುದು; ಆದರೆ ಅದು ಯಾರ ಮನೆಯ ಆಟವೂ ಆಗಿರದೆ ಹೋಗಬಹುದು. ಹಳೆಯ ಆಟಗಳ ವಿಷಯದಲ್ಲಿ ಯಂತ್ರದ ಈ ನೆನಪಿನ ಸ್ವಭಾವ ಕಣ್ಣಿಗೆ ಕಟ್ಟುವಂತೆ ಬಯಲಾದದ್ದು 2021ರಲ್ಲಿ. ಕೋಡು ಬರೆದುಕೊಡುವ ಎಐ ಉಪಕರಣವಾದ ಗಿಟ್‌ಹಬ್ ಕಂಪನಿಯ ಕೋಪೈಲಟ್ ಆಗಷ್ಟೇ ಪ್ರಯೋಗಕ್ಕೆ ಬಂದಿತ್ತು. ವರ್ಗಮೂಲದ ವಿಲೋಮವನ್ನು ಬೇಗ ಲೆಕ್ಕಹಾಕುವ ಕೋಡು ಬೇಕೆಂದಾಗ ಅದು ಕ್ವೇಕ್ 3 ಎಂಬ ಆಟದ ಹೆಸರಾಂತ ಸಾಲುಗಳನ್ನು ಮೂಲ ಪ್ರೋಗ್ರಾಮರ್ ಬರೆದಿಟ್ಟ ಟಿಪ್ಪಣಿಗಳ ಸಮೇತ ಎತ್ತಿ ಕೊಟ್ಟಿತು. ಜೊತೆಗೆ ಆ ಕೋಡಿಗೆ ಸೇರದ ಬೇರೊಂದು ಪರವಾನಗಿಯನ್ನೂ ಅಂಟಿಸಿತು. ಈಗಿನ ಉಪಕರಣಗಳು ಆಗಿನದಕ್ಕಿಂತ ಬಹಳ ಮುಂದೆ ಹೋಗಿವೆ, ತಾವೇ ಬರೆದದ್ದನ್ನು ಓಡಿಸಿ ತಿದ್ದಿಕೊಳ್ಳುತ್ತವೆ. ಆದರೂ ಹೇಳದ್ದನ್ನು ತುಂಬುವ ಗುಣ ಅವುಗಳ ಶಕ್ತಿಯ ಮೂಲವೇ ಆಗಿರುವುದರಿಂದ ಅದು ಹೋಗುವಂಥದ್ದಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯದು, ಗಟ್ಟಿಯಾದದ್ದು. ಒಂದು ಕಾಲಕ್ಕೆ ಎಲ್ಲವನ್ನೂ ಅಸೆಂಬ್ಲಿ ಭಾಷೆಯಲ್ಲಿ ಬರೆಯುತ್ತಿದ್ದರು. ಸಿ ಭಾಷೆಯ ಕಂಪೈಲರ್ ಬಂದಾಗಲೂ ಕೌಶಲ ಹಾಳಾಯಿತು ಎಂದು ಗೊಣಗಿದವರಿದ್ದರು. ಈಗಿನದೂ ಅದೇ ಗೊಣಗಾಟವಲ್ಲವೇ ಎಂದು. ಅಲ್ಲ ಎಂದೇ ನನಗನಿಸುತ್ತದೆ. ಕಂಪೈಲರ್ ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ಇಳಿಸುತ್ತದೆ, ಆಟದ ನಿಯಮಕ್ಕೆ ತನ್ನದೊಂದು ಮಾತು ಸೇರಿಸುವುದಿಲ್ಲ. ಮೂರು ಬಾರದ ನಿಯಮ ಬರೆಯದಿದ್ದರೆ ಅದು ಇರುವುದಿಲ್ಲ, ಮರೆತದ್ದು ಆಡುವಾಗ ಗೊತ್ತಾಗುತ್ತದೆ. ಎಐ ಮರೆವನ್ನು ಮುಚ್ಚಿಬಿಡುತ್ತದೆ. ಎರಡನೆಯ ಆಕ್ಷೇಪ ಕಾಲೇಜುಗಳನ್ನು ಬಲ್ಲವರದು: ಎಐ ಬರುವ ಮುಂಚೆ ಎಲ್ಲರೂ ಸ್ವಂತ ಬರೆಯುತ್ತಿದ್ದರೇ, ಸೀನಿಯರ್‌ಗಳ ಪೆನ್‌ಡ್ರೈವಿನಿಂದ ಇಳಿಸಿಕೊಂಡ ಪ್ರಾಜೆಕ್ಟುಗಳೇ ಎಷ್ಟೋ ಇರುತ್ತಿರಲಿಲ್ಲವೇ? ನಿಜ. ಆ ಕಾಲವನ್ನು ಹೊಗಳುವ ಅಗತ್ಯವಿಲ್ಲ. ಆದರೆ ನಕಲು ಮಾಡಿದವನಿಗೆ ತಾನು ಬರೆದಿಲ್ಲ ಎಂಬುದು ಗೊತ್ತಿರುತ್ತಿತ್ತು. ಯಂತ್ರದ ಜೊತೆ ಮಾತಾಡುತ್ತ ಮಾಡಿಸಿಕೊಂಡವರಿಗೆ ತಾವೇ ಮಾಡಿದೆವೆಂಬ ಭಾವನೆ ಪ್ರಾಮಾಣಿಕವಾಗಿಯೇ ಬರುತ್ತದೆ. ತಿಳಿದಿದೆ ಎಂಬ ಭಾವನೆಗೂ ತಿಳಿವಿಗೂ ಇರುವ ಈ ಅಂತರವೇ ನನ್ನನ್ನು ಹೆಚ್ಚು ಕಾಡುವುದು.

ಆ ಅಂತರಕ್ಕೆ ಅಳತೆಯೂ ಸಿಕ್ಕಿದೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 95 ಪ್ರೋಗ್ರಾಮರುಗಳಿಗೆ ಜಾವಾಸ್ಕ್ರಿಪ್ಟಿನಲ್ಲಿ ಪುಟ್ಟ ವೆಬ್ ಸರ್ವರ್ ಬರೆಯುವ ಕೆಲಸ ಕೊಟ್ಟಾಗ ಕೋಪೈಲಟ್ ನೆರವು ಪಡೆದವರು ಶೇ 55.8ರಷ್ಟು ಕಡಿಮೆ ಸಮಯದಲ್ಲಿ ಮುಗಿಸಿದರು. 2025ರಲ್ಲಿ ಮೆಟ್ರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರುಗಳಿಗೆ, ಅವರು ವರ್ಷಗಳಿಂದ ದುಡಿಯುತ್ತಿದ್ದ ದೊಡ್ಡ ಪ್ರಾಜೆಕ್ಟುಗಳಲ್ಲೇ, 246 ಕೆಲಸಗಳನ್ನು ಹಂಚಿ ನೋಡಿತು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಶುರುವಿನಲ್ಲಿ ಅವರು ಶೇ 24ರಷ್ಟು ಸಮಯ ಉಳಿಯಬಹುದು ಎಂದುಕೊಂಡಿದ್ದರು. ಮುಗಿದ ಮೇಲೂ ಶೇ 20ರಷ್ಟು ಉಳಿಯಿತೆಂದೇ ನಂಬಿದ್ದರು. ಈ ಎರಡು ಫಲಿತಾಂಶಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸರಿಯಲ್ಲ. ಹೊಸದಾಗಿ ಶುರುಮಾಡುವ, ಜಗತ್ತು ಈಗಾಗಲೇ ಸಾವಿರ ಸಲ ಬರೆದಿರುವ ಸಣ್ಣ ಕೆಲಸದಲ್ಲಿ ಯಂತ್ರ ನಿಜಕ್ಕೂ ಬೇಗ. ಬರೆಯುವವರ ತಲೆಯಲ್ಲಷ್ಟೇ ಇರುವ ಕಾರಣಗಳ ಮೇಲೆ ನಿಂತ ಕೆಲಸದಲ್ಲಿ ಅದು ಹಾಗಿಲ್ಲದಿರಬಹುದು. ಹಾವಿನ ಆಟ ಮೊದಲ ಬಗೆಯದು. ನಮ್ಮೂರಿನ ಚೌಕಾಬಾರ, ನಿಯಮಗಳ ವಿಷಯದಲ್ಲಿ, ಎರಡನೆಯ ಬಗೆಯದು. ಉಪಕರಣಗಳು ಸುಧಾರಿಸಿದಂತೆ ಈ ಅಂಕಿಗಳು ಬದಲಾಗುತ್ತವೆ, ಆಗಲಿ. ದುಡಿದವರಿಗೇ ತಮ್ಮ ವೇಗದ ಅಂದಾಜು ತಲೆಕೆಳಗಾಯಿತು ಎಂಬುದು ಮಾತ್ರ ಸುಮ್ಮನೆ ದಾಟಿ ಹೋಗುವ ವಿಷಯವಲ್ಲ.

ಮೂರನೆಯ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಓಪನ್‌ಜಿಎಲ್ ಪುಸ್ತಕದ ಇಂಗ್ಲಿಷೇ ಮೊದಲ ಗೋಡೆ. ಎರರ್ ಬಂದ ಸಾಲನ್ನು ತೋರಿಸಿ, ಇದು ಏಕೆ ಹೀಗಾಯಿತು ಎಂದು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವ ಅನುಕೂಲ ಹಿಂದೆಂದೂ ಇರಲಿಲ್ಲ. ಬೆಂಗಳೂರಿನ ಕೋಚಿಂಗಿಗೆ ಹೋಗಲಾಗದ, ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಇದನ್ನು ಬೇಡವೆನ್ನುವ ಹಕ್ಕು ಯಾವ ಮೇಷ್ಟರಿಗೂ ಇಲ್ಲ. ಅರ್ಥ ಕೇಳುವುದಕ್ಕೂ ಕೆಲಸ ಒಪ್ಪಿಸುವುದಕ್ಕೂ ನಡುವೆ ಗೆರೆ ಎಳೆಯುವುದನ್ನು ಕಲಿಸುವ ಹೊಣೆ ಮೇಷ್ಟರದು.

ಶಿವಮೊಗ್ಗದ ಪಕ್ಕದ ಭದ್ರಾವತಿಯ ಮನೆಗಳಿಗೆ ಈ ಗೆರೆಯ ಮಾತು ಇನ್ನೂ ಹತ್ತಿರದ್ದು. 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಇವೆರಡರಿಂದ ನ್ಯೂಟೌನ್, ಪೇಪರ್‌ಟೌನ್ ಎಂಬ ಬಡಾವಣೆಗಳೇ ಹುಟ್ಟಿದವು. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಕಬ್ಬಿಣ-ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದು, ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಬೇಕಾಯಿತು. ಅಪ್ಪನ ಕೆಲಸ ಮಗನಿಗೆ ಸಿಗುವ ಕಾಲ ಮುಗಿದ ಮೇಲೆ ಎಷ್ಟೋ ಮನೆಗಳು ಸಾಲ ಮಾಡಿ ಮಕ್ಕಳನ್ನು ಕಂಪ್ಯೂಟರ್ ಓದಿಗೆ ಸೇರಿಸಿದವು. ಆ ಮಕ್ಕಳಿಗೆ ಮೊದಲು ಸಿಗುತ್ತಿದ್ದುದು ಕಂಪನಿಗಳ ಕೆಳಹಂತದ ಕೋಡಿಂಗ್ ಕೆಲಸ, ಯಂತ್ರ ಈಗ ಕೈಹಾಕಿರುವುದೂ ಅಲ್ಲಿಗೇ. ಹೇಳಿದ್ದನ್ನು ಬರೆದುಕೊಡುವಷ್ಟೇ ಬಲ್ಲವರ ಜಾಗ ಕಿರಿದಾಗುತ್ತದೆಂಬ ಭಯಕ್ಕೆ ಆಧಾರವಿದೆ. ಉಳಿಯುವ ಕೆಲಸ ಯಾವುದು? ಯಂತ್ರ ಕೊಟ್ಟದ್ದರಲ್ಲಿ ಕವಡೆಯ ಲೆಕ್ಕ ತಪ್ಪಿದೆ ಎಂದು ಹಿಡಿಯಬಲ್ಲವರ ಕೆಲಸ. ತಪ್ಪನ್ನು ಹಿಡಿಯಬೇಕಾದರೆ ಒಮ್ಮೆಯಾದರೂ ಆ ಲೆಕ್ಕವನ್ನು ಕೈಯಾರೆ ಹಾಕಿರಬೇಕು. ಹಾಗಾಗಿ ಕೈಯಿಂದ ಕೋಡು ಬರೆಯುವುದನ್ನು ಕಲಿಕೆಯ ಹಂತದಲ್ಲಿ ಬಿಟ್ಟುಕೊಟ್ಟರೆ ನಷ್ಟ ಅನುಭವಿಸುವವರು ಸಿರಿವಂತರ ಮಕ್ಕಳಲ್ಲ, ಇವರೇ.

2025ರ ಫೆಬ್ರುವರಿಯಲ್ಲಿ ಆಂದ್ರೇ ಕಾರ್ಪಥಿ ಎಂಬ ಎಐ ತಜ್ಞರು, ಕೋಡಿನತ್ತ ತಿರುಗಿಯೂ ನೋಡದೆ ಯಂತ್ರಕ್ಕೆ ಹೇಳುತ್ತ ಹೋಗುವ ಪದ್ಧತಿಗೆ ವೈಬ್ ಕೋಡಿಂಗ್ ಎಂದು ಹೆಸರಿಟ್ಟರು. ವಾರಾಂತ್ಯದ ಬಿಸಾಡಬಹುದಾದ ಪ್ರಾಜೆಕ್ಟಿಗೆ ಅದು ಅಡ್ಡಿಯಿಲ್ಲ ಎಂಬ ಧಾಟಿಯಲ್ಲೇ ಅವರು ಹೇಳಿದ್ದು. ಕಾಲೇಜಿನ ಪ್ರಾಜೆಕ್ಟು ಬಿಸಾಡುವುದಕ್ಕಲ್ಲ. ಶಿವಮೊಗ್ಗದ ಕಾಲೇಜುಗಳಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇದನ್ನು ಹೀಗೆ ನಡೆಸಬಹುದು. ಕೀಲಿಮಣೆ ಮುಟ್ಟುವ ಮುಂಚೆ ಆಟದ ನಿಯಮಗಳನ್ನು ಕನ್ನಡದಲ್ಲಿ ಎರಡು ಪುಟ ಬರೆಯಲಿ, ಮನೆಯ ಹಿರಿಯರನ್ನು ಕೇಳಿ ಬರೆಯಲಿ. ಹೊಸ ಮಣೆ, ಹೊಸ ನಿಯಮ ಕಟ್ಟುವುದು ಈ ನಾಡಿಗೆ ಹೊಸದೇನಲ್ಲ, ಹತ್ತೊಂಬತ್ತನೆಯ ಶತಮಾನದ ಮೈಸೂರು ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೋ ಮಣೆಯಾಟಗಳನ್ನು ತಾವೇ ರೂಪಿಸಿದ್ದರು. ಕವಡೆ, ದಾರಿ, ಕಡಿತ, ಈ ಮೂರರ ಕೋಡನ್ನು ಲ್ಯಾಬಿನಲ್ಲಿ, ಇಂಟರ್‌ನೆಟ್ ಇಲ್ಲದೆ ಬರೆಯಲಿ. ಚಿತ್ರ, ಬಣ್ಣ, ಸದ್ದು, ಮೊಬೈಲಿಗೆ ಹೊಂದಿಸುವ ಕೆಲಸವನ್ನೆಲ್ಲ ಎಐ ಕೈಯಲ್ಲಿ ಮಾಡಿಸಿಕೊಳ್ಳಲಿ, ಮಾಡಿಸಿಕೊಂಡದ್ದನ್ನು ರಿಪೋರ್ಟಿನಲ್ಲಿ ಬರೆಯಲಿ. ತಮ್ಮ ಕೋಡನ್ನು ಪರೀಕ್ಷಿಸುವ ಕೋಡನ್ನೂ ಅದರಿಂದಲೇ ಬರೆಸಲಿ: ಸಮ ಅವಕಾಶದ ಕವಡೆಯನ್ನು ಹದಿನಾರು ಸಾವಿರ ಸಲ ಎಸೆದರೆ ಚೌಕ ಸಾವಿರದ ಆಸುಪಾಸು, ಬಾರ ಸಾವಿರದ ಆಸುಪಾಸು ಬರಬೇಕು, ಮೂರು ಸಾವಿರ ಬಂದರೆ ಎಲ್ಲೋ ತಪ್ಪಿದೆ. ವೈವಾದಲ್ಲಿ ಬಾಯಿಪಾಠದ ಪ್ರಶ್ನೆಗಳನ್ನು ಕಡಿಮೆ ಮಾಡಿ ಪರೀಕ್ಷಕರು ಒಂದೇ ಒಂದು ನಿಯಮ ಬದಲಿಸಿ ಕೊಡಲಿ: ಕಡಿಯದಿದ್ದರೂ ಬಾರ ಬಿದ್ದವರಿಗೆ ಒಳಸುತ್ತಿಗೆ ಪ್ರವೇಶ ಕೊಡು, ಅಥವಾ ಐದು ಕವಡೆಯ ಆಟ ಮಾಡು. ಅರ್ಧ ಗಂಟೆ ಸಮಯ, ಯಂತ್ರದ ನೆರವಿಲ್ಲ, ಒಟ್ಟು ಅಂಕದಲ್ಲಿ ಅರ್ಧದಷ್ಟು ಇದಕ್ಕೇ.